ಜ್ವಾರಾ ಮನೆಯ ದೊಡ್ಡಿ

ಲೊಂಬೇನಿ
8 ಜುಲೈ 1984

ಜೊಂಗಿಖಾಯಾ ಅಣ್ಣನಿಗೆ,

ದೊಡ್ಡಿ ಎದ್ದು ನಿಂತಿದೆ. ಮೊದಲು ಅದಕ್ಕೆ ತಗುಲಿದ್ದನ್ನು ಕೇಳು, ಮಿಕ್ಕ ಮಾತು ಆಮೇಲೆ.

ಗಟ್ಟಿಮರದ ಕಂಬ ಹದಿನೆಂಟು. ಅದರಲ್ಲಿ ಎರಡು ಎಲ್ಲಿಂದ ಬಂದವೆಂದು ನಾನೂ ಕೇಳಲಿಲ್ಲ. ಜಾಲಿಮುಳ್ಳು ಏಳು ಬಂಡಿ. ಬಿಳಿ ಆಡು ಒಂದು. ಜೋಳದ ಬೀರು ನಾಲ್ಕು ಪೀಪಾಯಿ. ಮುಖಂಡ ತ್ವಾಲಾನಿಗೆ ಬ್ರಾಂಡಿ ಎರಡು ಬಾಟಲಿ. ಒಂದು ಅವನು ಕೇಳಿದ್ದಕ್ಕೆ, ಇನ್ನೊಂದು ಆ ಮೊದಲನೆಯದನ್ನು ಇಸಿದುಕೊಂಡದ್ದು ಅವನಿಗೆ ನೆನಪಿಲ್ಲದ್ದಕ್ಕೆ. ಬಸ್ ನಿಲ್ದಾಣದಲ್ಲಿ ಹಿಟ್ಟಿನ ಉಂಡೆ ಕರಿಯುವ ನನ್ನ ಅಂಗಡಿ ಬಾಗಿಲು ಹಾಕಿದ ದಿನ ಹನ್ನೊಂದು. ಮುಳ್ಳು ಮುರಿದು ಕೀವಾದ ಬೆರಳು ಮೂರು. ಪಕ್ಕದ ಮನೆಯವಳ ಸ್ನೇಹ ಒಂದು: ಬೀರು ಕುದಿಸಲು ತಂದ ಅವಳ ಹಂಡೆಯ ತಳವನ್ನು ನಾನು ಸುಟ್ಟೆನಂತೆ. ಆ ತಳ ಅಪ್ಪ ಇದ್ದಾಗಲೇ ಸುಟ್ಟಿತ್ತು.

ನಿನ್ನಿಂದ ಬಂದದ್ದು, ರಜೆ ಸಿಗಲಿಲ್ಲ ಎಂಬ ಒಂದು ಕಾಗದ. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಏಪ್ರಿಲ್‌ನಲ್ಲೇ ನಿನಗೆ ಬರೆದಿದ್ದೆ. ದೊಡ್ಡಿ ಬಿದ್ದುಹೋದ, ಒಳಗೆ ನಿಂತು ತೀರಿಹೋದ ಹಿರಿಯರನ್ನು ಕರೆಯುವ ಗಂಡಸಿಲ್ಲದ ಮನೆ ಹಿತ್ತಲು ಜೂನ್ ಮುಗಿದ ಮೇಲೆ ಊರಿಗೆ ವಾಪಸ್ ಎಂದು ತ್ವಾಲಾ ಸಾರಿದ್ದ. ಊರಿಗೆ ಎಂದರೆ ಯಾರಿಗೆ ಎಂದು ಎಲ್ಲರಿಗೂ ಗೊತ್ತು. ನಮ್ಮ ಹಿತ್ತಲಿನಿಂದ ಸಮುದ್ರ ಕಾಣುತ್ತದೆ. ಉಮ್ಟಾಟಾದ ಯಾವನೋ ದೊಡ್ಡ ಮನುಷ್ಯ ಎರಡು ಸಲ ಬಂದು, ಹೆಜ್ಜೆ ಹಾಕಿ ಅಳೆದು, ಕಾರು ನಿಲ್ಲಿಸುವ ಚಾವಡಿ ಎಲ್ಲಿ ಬರಬೇಕೆಂದು ಕೋಲಿನಿಂದ ಗೆರೆ ಎಳೆದು ಹೋಗಿದ್ದ. ಆ ಗೆರೆ ಅಪ್ಪನ ಸಮಾಧಿಯ ಮೇಲೆ ಹಾದುಹೋಗಿತ್ತು. ನಾನು ಪೊರಕೆ ತಂದು ಗುಡಿಸಿದೆ.

ಗಂಡನ ಮನೆಯಿಂದ ಹಿಂದಿರುಗಿದ ಮಗಳಿಗೆ ಈ ಮನೆಯಲ್ಲಿ ಒಲೆ ಹಚ್ಚುವ ಹಕ್ಕಿದೆ, ದೊಡ್ಡಿಯಲ್ಲಿ ಮಾತಾಡುವ ಹಕ್ಕಿಲ್ಲ. ಹೀಗಿರುವಾಗ ಮೇ ಕೊನೆಯಲ್ಲಿ ಒಬ್ಬ ಮನುಷ್ಯ ಬಸ್ಸಿನಿಂದ ಇಳಿದು ನೇರ ನನ್ನ ಬಾಣಲೆಯ ಮುಂದೆ ನಿಂತ.

"ಅಕ್ಕಾ, ಈ ಊರಲ್ಲಿ ಜ್ವಾರಾ ಕುಲದವ್ರು ಯಾರಾದ್ರೂ ಇದಾರಾ?"

"ನಾನೇ. ಸಾಲ ಕೇಳೋಕೆ ಬಂದಿದ್ರೆ ನಾನಲ್ಲ."

"ಹಂಗಾದ್ರೆ ನಿನ್ನ ಅಣ್ಣ ಬಂದಿದಾನೆ ಅಂದ್ಕೊ. ಒಂದು ಉಂಡೆ ಜಾಸ್ತಿ ಹಾಕು."

ನಿಂತಲ್ಲೇ ಕುಲದ ಹೊಗಳಿಕೆ ಹೇಳಿದ. ಜ್ವಾರಾ, ಮ್ಟಿಕಾ, ಮಜಲೇನಿ ಎಂದು ಶುರುಮಾಡಿ ಒಂದೂ ತಡವರಿಸಲಿಲ್ಲ. ಅಷ್ಟಕ್ಕೇ ಬಿಡದೆ ನಮ್ಮ ತಾತ ಜಾಡು, ಅವನ ಹಿಂದಿನವರು ಎಂದು ಮೇಲಕ್ಕೆ ಹತ್ತುತ್ತಾ ಹೋದ. ಜಾಡುವಿನ ತಮ್ಮನ ಮೊಮ್ಮಗನಂತೆ. ಹೆಸರು ವೆಲಿಲೆ. ಲಿಬೋಡೆ ಕಡೆಯವನು, ರಸ್ತೆ ಕೆಲಸ ಮುಗಿಸಿ ಬಂದೆ ಎಂದ. ನಿನ್ನ ಹೆಸರು ಕೇಳಿಯೇ ಇಲ್ಲವಂತೆ. ಕುಲ ಒಂದೇ ಆದ ಮೇಲೆ ಅಣ್ಣನೇ. ಅಣ್ಣನಿಗೆ ಕೆಲಸ ಹೇಳಲು ನಾಚಿಕೆಯೇನು? ಮಾರನೆಯ ದಿನ ಅವನ ಕೈಗೆ ಹಾರೆ ಕೊಟ್ಟೆ.

ಜೂನ್ ಕೊನೆಯ ಶನಿವಾರ ಅವನೇ ದೊಡ್ಡಿಯಲ್ಲಿ ನಿಂತು ಹಿರಿಯರನ್ನು ಕರೆದ. ಈಟಿ ಮೂರನೇ ಸಲ ತಾಗಿದಾಗ ಆಡು ಕೂಗಿತು. ತಡವಾಯಿತು, ಆದರೂ ಕೂಗಿತು; ಹಿರಿಯರು ಒಪ್ಪಿದರೆಂದೇ ಅರ್ಥ. ತ್ವಾಲಾ ಹುಬ್ಬು ಗಂಟಿಕ್ಕಿಕೊಂಡೇ ಎರಡು ಪಾತ್ರೆ ಬೀರು ಕುಡಿದ.

ಮನೆಯ ಕಡೆ ನೋಡುವವನು ಎಂಬ ಅರ್ಥದ ಹೆಸರನ್ನು ಅಪ್ಪ ನಿನಗಿಟ್ಟರು. ಕೊನೆಯ ಸಲ ನೋಡಿದ್ದು 1980ರ ಕ್ರಿಸ್‌ಮಸ್‌ಗೆ. ಕತ್ತು ನೋಯುತ್ತಿದ್ದರೆ ಹೇಳು, ಎಣ್ಣೆ ಕಳಿಸುತ್ತೇನೆ.

ನಿನ್ನ ತಂಗಿ,
ನೊಜಿಬೆಲೆ

*

ಕಾರ್ಲ್ಟನ್‌ವಿಲ್
29 ಜುಲೈ 1984

ಜ್ವಾರಾ ಮನೆಮಗಳು, ತಂಗಿ ಮಾಜ್ವಾರಾ,

ಕಾಗದ ಓದಿದೆ. ಸಂತೋಷ. ಬಹಳ ಸಂತೋಷ.

ಆ ವೆಲಿಲೆ ಒಳ್ಳೆಯವನಂತೆ ಕಾಣುತ್ತಾನೆ. ಊಟ ಸರಿಯಾಗಿ ಹಾಕು. ಹುಳಿ ಹಾಲು ಅವನಿಗೆ ಆಗುವುದಿಲ್ಲ.

ಇನ್ನು ಮುಂದೆ ಗಣಿ ಹಾಸ್ಟೆಲ್‌ಗೆ ಬರೆಯಬೇಡ. ಸ್ಟೇಷನ್ ರಸ್ತೆ, ಕಲ್ಲಿದ್ದಲು ಡಿಪೋ, ಇಷ್ಟು ಬರೆದರೆ ಸಾಕು.

ಅಪ್ಪನ ಸಮಾಧಿಯ ಕಲ್ಲು ವಾಲಿತ್ತು. ನೆಟ್ಟಗಾಯಿತೇ?

ಜೊಂಗಿ

*

ಲೊಂಬೇನಿ
12 ಆಗಸ್ಟ್ 1984

ಅಣ್ಣಾ,

ನಿನ್ನ ಕಾಗದವನ್ನು ಮೂರು ಸಲ ತಿರುಗಿಸಿ ನೋಡಿದೆ, ಯಾವ ಕಡೆ ಮೇಲು ಎಂದು. ಮೂರು ವರ್ಷ ಶಾಲೆಯ ಮೇಷ್ಟ್ರಂತೆ ಬರೆಯುತ್ತಿದ್ದವನು ಈಗ ಬರೆದರೆ ಸಾಲುಗಳು ಒಂದರ ಹೆಗಲ ಮೇಲೆ ಇನ್ನೊಂದು ಕೈ ಹಾಕಿಕೊಂಡು ಬೀರಂಗಡಿಯಿಂದ ಮನೆಗೆ ಹೊರಟಂತಿವೆ. ಕುಡಿಯುವುದಿದ್ದರೆ ಕುಡಿ. ಕಾಗದ ಬರೆದಾದ ಮೇಲೆ ಕುಡಿ.

ಹಾಸ್ಟೆಲ್ ಬಿಟ್ಟಿದ್ದೀಯ. ಯಾಕೆಂದು ನಾನು ಕೇಳುವುದಿಲ್ಲ. ಹಾಸ್ಟೆಲ್ ಬಿಟ್ಟ ಗಂಡಸು ಎಲ್ಲಿ ಮಲಗುತ್ತಾನೆಂದು ಈ ಊರಿನ ಹೆಂಗಸರಿಗೆಲ್ಲ ಗೊತ್ತು. ಅವಳು ಯಾರೇ ಆಗಿರಲಿ, ಅವಳ ಕೈಯಲ್ಲಾದರೂ ಬರೆಸು.

ಹುಳಿ ಹಾಲಿನ ಮಾತು ಓದಿ ನಗು ಬಂತು. ನಿನಗೆ ಹೇಗೆ ಗೊತ್ತು? ನಿಜವೇ, ಅವನಿಗೆ ಆಗುವುದಿಲ್ಲ. ಮೊದಲ ವಾರ ಮರ್ಯಾದೆಗೆಂದು ಕುಡಿದು ಮೂರು ದಿನ ಹಿತ್ತಲಲ್ಲೇ ಕಾಲ ಕಳೆದ. ನಾನು ನಿನಗೆ ಬರೆದಿದ್ದೆನೋ ಏನೋ. ಬರೆದ ನೆನಪಿಲ್ಲ.

ಕೆಲಸಗಾರ. ಬೆಳಗ್ಗೆ ನಾನು ಏಳುವಷ್ಟರಲ್ಲಿ ನೀರು ಬಂದಿರುತ್ತದೆ. ಗಂಡಸು ನೀರು ಹೊರುವುದನ್ನು ನೋಡಿ ಬಾವಿಕಟ್ಟೆಯ ಹೆಂಗಸರು ಕೇಳಿದರಂತೆ, "ಏನಪ್ಪಾ, ನಿಮ್ಮೂರಲ್ಲಿ ಹೆಂಗಸ್ರಿಗೆ ಸೊಂಟ ಇಲ್ವಾ?" ಇವನು ಹೇಳಿದನಂತೆ, "ಇದೆ ತಾಯಿ, ಅದಕ್ಕೇ ಜೋಪಾನ ಮಾಡ್ತೀವಿ." ಎರಡು ದಿನ ಊರೆಲ್ಲ ಅದೇ ಮಾತು. ಸ್ವಂತ ಕುಲದ ಅಣ್ಣ ಆಗಿಬಿಟ್ಟ ಎಂದು ಬಾವಿಕಟ್ಟೆಯಲ್ಲಿ ಕೆಲವರಿಗೆ ನನ್ನ ಮೇಲೆ ಮರುಕ. ನನಗೇನೂ ಇಲ್ಲ.

ಕಲ್ಲು ನೆಟ್ಟಗಿದೆ. ನೊಫೆಜಿಲೆ ಅತ್ತೆ ಮುಂದಿನ ವಾರ ಬರುತ್ತಾರೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗಿದ್ದವರು ದೊಡ್ಡಿಯ ಪೂಜೆಗೆ ಇರಲಿಲ್ಲವಲ್ಲ. ಅಪ್ಪನ ಅಕ್ಕ ನೋಡಿ ಒಪ್ಪಿದರೆ ನನಗೂ ಸಮಾಧಾನ.

ನೊಜಿಬೆಲೆ

*

ಲೊಂಬೇನಿ
2 ಸೆಪ್ಟೆಂಬರ್ 1984

ಜೊಂಗಿಖಾಯಾ,

ಅಣ್ಣ ಎಂದು ಬರೆಯಲು ಈ ಹೊತ್ತು ಮನಸ್ಸಿಲ್ಲ.

ಅತ್ತೆ ಬಂದರು. ಹೊಸ ಕಣ್ಣಿನಿಂದ ದೊಡ್ಡಿಯ ಒಂದೊಂದು ಕಂಬ ಎಣಿಸಿದರು. ಆಮೇಲೆ ಮಂಡಿಯ ಮೇಲೆ ಕೈಯಿಟ್ಟು ಕೂತು, "ಎಲ್ಲಿ, ನಮ್ಮಪ್ಪ ಜಾಡುವಿನ ತಮ್ಮನ ಮೊಮ್ಮಗ? ಬಾ ಇಲ್ಲಿ. ಹಿರಿಯರ ಹೆಸ್ರು ಹೇಳು, ಕೇಳಿ ಎಷ್ಟೋ ದಿನ ಆಯ್ತು" ಎಂದರು.

ವೆಲಿಲೆ ಟೋಪಿ ತೆಗೆದು ಶುರುಮಾಡಿದ. ನಾನು ಹೆಮ್ಮೆಯಿಂದ ಬಾಗಿಲಿಗೆ ಒರಗಿ ನಿಂತಿದ್ದೆ.

"ನಿಲ್ಲು" ಎಂದರು ಅತ್ತೆ. "ಜಾಡುವಿನ ಅಪ್ಪ ಯಾರು?"

"ಗೆಂಗೆ, ಅತ್ತೆ."

"ಇನ್ನೊಂದ್ಸಲ ಹೇಳು."

"ಗೆಂಗೆ."

ಅತ್ತೆ ನಗಲು ಶುರುಮಾಡಿದರು. ಕಣ್ಣಿಗೆ ಹಾಕಿದ್ದ ಹೊಲಿಗೆ ಬಿಚ್ಚಿಹೋದೀತೆಂದು ನನಗೆ ಭಯ.

"ಬುಸಾಕ್ವೆನ ನುಂಗಿಬಿಟ್ಯಲ್ಲೋ! ಜಾಡುವಿನ ಅಪ್ಪ ಬುಸಾಕ್ವೆ, ಅವನಪ್ಪ ಗೆಂಗೆ. ಈ ಭೂಮಿ ಮೇಲೆ ಬುಸಾಕ್ವೆನ ನುಂಗೋನು ಒಬ್ಬನೇ ಒಬ್ಬ, ಅವನ ಹೆಸ್ರು ಜೊಂಗಿಖಾಯಾ. ಆರು ವರ್ಷದವನಿದ್ದಾಗಿಂದ ನುಂಗ್ತಾ ಇದಾನೆ. ನಮ್ಮ ತಮ್ಮ ಕಿವಿ ಹಿಂಡಿ ಹಿಂಡಿ ಸೋತುಹೋದ. ಈಗ ನಿಜ ಹೇಳು ಮಗಾ, ಅವನು ನಿಂಗೆ ಎಲ್ಲಿ ಸಿಕ್ದ?"

ಅವನು ಟೋಪಿಯನ್ನು ಹಿಂಡುತ್ತಾ ನಿಂತ. ಕೊನೆಗೆ ಹೇಳಿದ, "ಗಣೀಲಿ ಒಂದೇ ಕೋಣೆ, ಅತ್ತೆ. ಆರು ವರ್ಷ ಮೇಲೆ ಕೆಳಗೆ ಮಂಚ."

ಅವನು ಜ್ವಾರಾ ಅಲ್ಲ. ಭೇಲೆ ಕುಲದವನು. ಭೇಲೆಯವನೊಬ್ಬ ನಮ್ಮಪ್ಪನ ದೊಡ್ಡಿಯಲ್ಲಿ ನಿಂತು ನಮ್ಮ ಹಿರಿಯರನ್ನು ಕರೆದಿದ್ದಾನೆ. ಅದೂ ಒಬ್ಬರನ್ನು ಬಿಟ್ಟು. ಆಡು ತಡವಾಗಿ ಕೂಗಿದ್ದರಲ್ಲಿ ಆಶ್ಚರ್ಯವೇನು? ಕೂಗಿದ್ದೇ ಅದರ ದೊಡ್ಡತನ.

ಗಂಡುಮಕ್ಕಳಿಗೆ ಹೆಸರು ಹೇಳಿಕೊಡುವ ಹೊತ್ತಿಗೆ ನನ್ನನ್ನು ನೀರಿಗೆ ಕಳಿಸುತ್ತಿದ್ದರು. ಇಲ್ಲದಿದ್ದರೆ ಅವನು ಬಸ್ಸಿನಿಂದ ಇಳಿದ ದಿನವೇ ಹಿಡಿಯುತ್ತಿದ್ದೆ.

ಅತ್ತೆ ನಕ್ಕರು, ನಾನು ನಗಲಿಲ್ಲ. ನನಗೆ ಬಂದದ್ದು ಸಿಟ್ಟು. ಸಿಟ್ಟಿನ ಕೆಳಗೆ ಇನ್ನೊಂದು ಏನೋ ಇತ್ತು, ಅದು ನಿನಗೆ ಬರೆಯುವಂಥದ್ದಲ್ಲ.

ಉತ್ತರ ಬರೆ. ಸುಳ್ಳು ಬರೆಯುವುದಾದರೆ ಅಂಚೆಚೀಟಿಯ ದುಡ್ಡು ಉಳಿಸಿಕೊ.

ನೊಜಿಬೆಲೆ

*

ಕಾರ್ಲ್ಟನ್‌ವಿಲ್
20 ಸೆಪ್ಟೆಂಬರ್ 1984

ತಂಗಿ,

ನಾನೇ ಕಳಿಸಿದೆ. ನಿನ್ನ ಏಪ್ರಿಲ್ ಕಾಗದ ಬಂದಾಗ ವೆಲಿಲೆಯ ಕರಾರು ಮುಗಿಯುತ್ತಿತ್ತು. ಅವನ ಊರಿನವರನ್ನೆಲ್ಲ ಸರ್ಕಾರದವರು ಎಬ್ಬಿಸಿ ಬೇರೆಡೆ ಹಾಕಿದ್ದಾರೆ, ಹೋಗಲು ಅವನಿಗೆ ಮನೆಯಿರಲಿಲ್ಲ. ಮೂರು ವಾರ ಕೂರಿಸಿ ಹೆಸರು ಕಲಿಸಿದೆ. ನನಗೆ ಗೊತ್ತಿದ್ದಷ್ಟು ಕಲಿಸಿದೆ.

ನನಗೆ ರಜೆ ಇರಲಿಲ್ಲ. ಈಗಲೂ ಇಲ್ಲ. ಕರಾರು ಕಟ್ಟುನಿಟ್ಟು.

ಅವನ ಮೇಲೆ ಸಿಟ್ಟು ಬೇಡ. ಅವನು ಬೇಡವೆಂದೇ ಹೇಳಿದ್ದ. ಬುಸಾಕ್ವೆಯ ಹತ್ತಿರ ನಾನು ಕ್ಷಮೆ ಕೇಳುತ್ತೇನೆ, ಇಲ್ಲಿಂದಲೇ.

ಕುಡಿಯುವುದಿಲ್ಲ. ಇಲ್ಲಿ ಯಾವ ಹೆಂಗಸೂ ಇಲ್ಲ.

ಜೊಂಗಿ

*

ಲೊಂಬೇನಿ
7 ಅಕ್ಟೋಬರ್ 1984

ಅಣ್ಣಾ,

ಅತ್ತೆಯ ನಗು ಬೇಲಿ ದಾಟಿ ಹೋಗಿತ್ತು. ಪಕ್ಕದ ಮನೆಯವಳು ತ್ವಾಲಾನಿಗೆ ಮುಟ್ಟಿಸಿದಳು. ನಿನ್ನೆ ಅವನ ಅಂಗಳದಲ್ಲಿ ಪಂಚಾಯಿತಿ. ಉದ್ದಕ್ಕೆ ಬರೆಯುವುದಿಲ್ಲ, ನಡೆದ ಮಾತು ಇಷ್ಟು.

"ಮಾಜ್ವಾರಾ, ಆ ಪೂಜೆ ಪೂಜೆಯಲ್ಲ. ಭೇಲೆಯವನ ಬಾಯಿ ಜ್ವಾರಾ ದೊಡ್ಡಿಲಿ ನಡೆಯಲ್ಲ."

"ಒಪ್ಪಿದೆ, ಮುಖಂಡರೇ. ಪೂಜೆ ನಡೀಲಿಲ್ಲ ಅಂದ್ರೆ ಬೀರು, ಬ್ರಾಂಡಿನೂ ನಡೀಲಿಲ್ಲ. ಬಾಟ್ಲಿ ವಾಪಸ್ ಕೊಡಿಸ್ತೀರಾ?"

ಗಂಡಸರೆಲ್ಲ ಕೆಮ್ಮಿದರು. ತ್ವಾಲಾ ಕೆಮ್ಮಲಿಲ್ಲ.

"ಡಿಸೆಂಬರ್ ಹದಿನೈದು" ಎಂದ. "ಗಣಿಯವರೆಲ್ಲ ಊರಿಗೆ ಬರೋ ಹೊತ್ತು. ಅವತ್ತು ನಿಮ್ಮಪ್ಪ ಮಟೊಮೆಲಾಗೆ ಹುಟ್ಟಿದ ಗಂಡುಮಗ ದೊಡ್ಡಿಲಿ ನಿಂತು ಮಾತಾಡ್ಬೇಕು. ಇಲ್ಲಾಂದ್ರೆ ಹಿತ್ತಲು ಊರಿಗೆ. ಹೆಂಗಸಿನ ಮಾತು ಇಲ್ಲಿಗೆ ಸಾಕು."

ಆದ್ದರಿಂದ ನೀನು ಬರುತ್ತೀಯ. ಇದು ಕೇಳುವ ಮಾತಲ್ಲ, ಹೇಳುವ ಮಾತು.

ಇನ್ನೊಂದು ವಿಷಯ. ಮಂಗಳವಾರ ಅಂಗಡಿಗೆ ಹೋದಾಗ ವೆಲಿಲೆ ಒಂದು ಚೀಟಿ ಇಟ್ಟುಹೋಗಿದ್ದ. ಹಿಟ್ಟು ಮುಗಿದಿದೆ, ಎರಡು ಮೂಟೆ ತರಲು ಹೋಗಿದ್ದೇನೆ ಎಂದು. ಅದನ್ನು ನೋಡಿ ಬಾಣಲೆಯಲ್ಲಿದ್ದ ಉಂಡೆಗಳು ಕಪ್ಪಾಗುವವರೆಗೂ ನಿಂತೇ ಇದ್ದೆ. ಮನೆಗೆ ಬಂದು ನಿನ್ನ ಮೂರು ವರ್ಷದ ಕಾಗದಗಳನ್ನು ಚೀಟಿಯ ಪಕ್ಕ ಹರವಿದೆ. ಕೈ ಒಂದೇ. ಆ ಮೇಷ್ಟ್ರ ಅಕ್ಷರ ನಿನ್ನದಲ್ಲ, ಅವನದು.

ಅಕ್ಷರ ಬಲ್ಲ ಮನುಷ್ಯ ಸ್ವಂತ ತಂಗಿಗೆ ಮೂರು ವರ್ಷ ಇನ್ನೊಬ್ಬರ ಕೈಯಲ್ಲಿ ಯಾಕೆ ಬರೆಸುತ್ತಾನೆ? ವೆಲಿಲೆಯನ್ನು ಕೇಳಿದೆ. "ಅವನನ್ನೇ ಕೇಳು" ಎಂದು ದೊಡ್ಡಿಯ ಕಡೆ ಹೋಗಿಬಿಟ್ಟ. ರಾತ್ರಿ ಊಟ ಮಾಡಲಿಲ್ಲ.

ಜೈಲಿನಲ್ಲಿದ್ದೀಯಾ? ಇದ್ದರೆ ಹೇಳು. ಯಾವಾಗ ಬಿಡುತ್ತಾರೆ, ಡಿಸೆಂಬರ್ ಹದಿನೈದರ ಮೊದಲೋ ಆಮೇಲೋ, ನನಗೆ ಬೇಕಾದ್ದು ಅಷ್ಟೇ.

ನೊಜಿಬೆಲೆ

*

ಲೊಂಬೇನಿ
4 ನವೆಂಬರ್ 1984

ಅಣ್ಣಾ,

ನಾಲ್ಕು ವಾರವಾಯಿತು. ಅಂಚೆಯವನು ಈಗ ನನ್ನನ್ನು ಕಂಡರೆ ಸೈಕಲ್ ತುಳಿಯುವ ವೇಗ ಹೆಚ್ಚಿಸುತ್ತಾನೆ.

ಇದರ ಜೊತೆ ಬಸ್ ಟಿಕೆಟ್ ಇಟ್ಟಿದ್ದೇನೆ. ಕಾರ್ಲ್ಟನ್‌ವಿಲ್‌ನಿಂದ ಉಮ್ಟಾಟಾಕ್ಕೆ, ಡಿಸೆಂಬರ್ ಹದಿಮೂರು. ಹಿಂದಿರುಗುವ ಟಿಕೆಟ್ ಕೊಂಡಿಲ್ಲ. ಬೇಕಾದರೆ ನೀನೇ ಕೊಳ್ಳಬೇಕು.

ನೊಜಿಬೆಲೆ

*

ಕಾರ್ಲ್ಟನ್‌ವಿಲ್
16 ನವೆಂಬರ್ 1984

ನೊಜಿಬೆಲೆ,

ಇದನ್ನು ಬರೆಯಲು ಐದು ಸಂಜೆ ಬೇಕಾಯಿತು. ಅದಕ್ಕೆ ಕಾರಣವನ್ನೇ ಬರೆಯುತ್ತಿದ್ದೇನೆ.

ನನ್ನ ಬಲಗೈ ಇಲ್ಲ. ಮಣಿಕಟ್ಟಿಗಿಂತ ನಾಲ್ಕು ಬೆರಳಗಲ ಮೇಲಿನಿಂದ ಕೆಳಕ್ಕೆ ಇಲ್ಲ. 1981ರ ಮಾರ್ಚ್‌ನಲ್ಲಿ ಸುರಂಗದ ಮಾಡು ಕಳಚಿ ಬಿತ್ತು. ಬಂಡೆಗೂ ಹಳಿಗೂ ನಡುವೆ ಸಿಕ್ಕಿಕೊಂಡಿತು. ವೆಲಿಲೆ ದೀಪವನ್ನು ಹಲ್ಲಲ್ಲಿ ಕಚ್ಚಿ ತನ್ನ ಬೆಲ್ಟಿನಿಂದ ನನ್ನ ತೋಳು ಬಿಗಿದ. ಮೇಲಕ್ಕೆ ಕರೆದೊಯ್ಯುವವರೆಗೂ ಮಾತಾಡು ಮಾತಾಡು ಎಂದು ಬಡಿಯುತ್ತಿದ್ದ. ಮಾತಾಡಲು ಬೇರೇನೂ ತೋಚದೆ ಕುಲದ ಹೆಸರುಗಳನ್ನೇ ಹೇಳಿದೆ. ಸುಮಾರು ನೂರು ಸಲ. ಅವನು ಅದನ್ನು ಮೊದಲು ಕಲಿತದ್ದು ಅಲ್ಲಿ. ಬುಸಾಕ್ವೆಯನ್ನು ಅಲ್ಲೂ ಬಿಟ್ಟಿದ್ದೆನೆಂದು ಕಾಣುತ್ತದೆ.

ಗಣಿಯವರು ಕೆಲಸ ಬಿಡಿಸಿದರು. ಪರಿಹಾರವೆಂದು ಸಿಕ್ಕಿದ ಸ್ವಲ್ಪವನ್ನೇ ನಿನಗೆ ತಿಂಗಳು ತಿಂಗಳು ಸಂಬಳವೆಂದು ಕಳಿಸಿದೆ. ಈಗ ಕಲ್ಲಿದ್ದಲು ಡಿಪೋದ ಕಾವಲುಗಾರ. ಕಾವಲಿಗೆ ಕಣ್ಣು ಸಾಕು ಎಂದು ಯಜಮಾನ ಹೇಳಿದ. ಹಾಸ್ಟೆಲ್‌ಗೆ ಬಂದ ನಿನ್ನ ಕಾಗದಗಳನ್ನು ವೆಲಿಲೆ ತಂದುಕೊಡುತ್ತಿದ್ದ, ಉತ್ತರವನ್ನೂ ಅವನೇ ಬರೆಯುತ್ತಿದ್ದ. ಅವನು ಹೋದ ಮೇಲೆ ಎಡಗೈಯಲ್ಲಿ ಕಲಿಯುತ್ತಿದ್ದೇನೆ. ನೀನು ಕುಡುಕನ ಸಾಲು ಎಂದೆ. ಒಪ್ಪಿದೆ, ಅದು ಸುಲಭವಾಗಿತ್ತು.

ಊರು ಬಿಡುವಾಗ ಏನು ಹೇಳಿ ಬಿಟ್ಟೆ ಎಂದು ನಿನಗೆ ನೆನಪಿದೆ. ಈ ದೊಡ್ಡಿಯಲ್ಲಿ ಬಾಲ ಅಲ್ಲಾಡಿಸಲು ಜಾಗವಿಲ್ಲದಷ್ಟು ದನ ತುಂಬಿಸುತ್ತೇನೆ ಎಂದಿದ್ದೆ. ಅಪ್ಪನ ಮುಂದೆ, ಎಲ್ಲ ಗಂಡಸರ ಮುಂದೆ. ಆ ಗಂಡಸರ ನಡುವೆ ನಿಂತು ಈಟಿಯನ್ನು ಯಾವ ಕೈಯಲ್ಲಿ ಹಿಡಿಯಲಿ? ತ್ವಾಲಾ ಏನು ಹೇಳುತ್ತಾನೆಂದು ಇಲ್ಲಿ ಕೂತೇ ನನಗೆ ಕೇಳಿಸುತ್ತದೆ.

ಟಿಕೆಟ್ ವಾಪಸ್ ಇಟ್ಟಿದ್ದೇನೆ. ದುಡ್ಡು ಹಿಂದಕ್ಕೆ ಕೊಡುತ್ತಾರೆ, ಕೇಳು. ಅತ್ತೆಗೆ ಹೇಳಬೇಡ.

ಜೊಂಗಿ

*

ಲೊಂಬೇನಿ
25 ನವೆಂಬರ್ 1984

ಅಣ್ಣಾ,

ನಿನ್ನ ಕಾಗದವನ್ನು ಬಾಣಲೆಯ ಮುಂದೆ ಓದಿದೆ. ಹೊಗೆ ಜಾಸ್ತಿ ಇತ್ತು ಅವತ್ತು. ಅಷ್ಟೇ ಬರೆಯುತ್ತೇನೆ ಅದರ ಬಗ್ಗೆ.

ಈಗ ಕೆಲಸದ ಮಾತು. ದೊಡ್ಡಿಗೆ ಕೈ ಸಾಕಷ್ಟಿವೆ. ವೆಲಿಲೆಯವು ಎರಡು, ನನ್ನವು ಎರಡು, ಅತ್ತೆಯ ಕೈಯೊಂದರಲ್ಲೇ ಮೂವರು ಗಂಡಸರ ಬಲ. ಕಂಬ ನೆಟ್ಟಾಯಿತು, ಮುಳ್ಳು ಹೊದಿಸಿಯಾಯಿತು. ನಮ್ಮಲ್ಲಿ ಇಲ್ಲದ್ದು ಒಂದೇ ಬಾಯಿ. ಮಟೊಮೆಲಾನ ಮಗನ ಬಾಯಿ. ಅದು ಬಂಡೆಯ ಕೆಳಗೆ ಸಿಕ್ಕಿಲ್ಲವಷ್ಟೆ?

ನೀನು ನಾಚಿಕೆಪಡುವುದನ್ನು ನಾನು ತಡೆಯಲಾರೆ. ನಾನೂ ನಾಚಿಕೆಪಟ್ಟವಳೇ. ಗಂಡನ ಮನೆಯಿಂದ ಬಂದಾಗ ಒಂದು ಸೀಮೆಎಣ್ಣೆ ಸ್ಟವ್, ಒಂದು ಬಾಣಲೆ. ಬಸ್ ನಿಲ್ದಾಣದಲ್ಲಿ ಮೊದಲ ದಿನ ಮುಖಕ್ಕೆ ಬಟ್ಟೆ ಎಳೆದುಕೊಂಡು ಕೂತಿದ್ದೆ. ಕಾಣದೆ ಎಣ್ಣೆ ಚೆಲ್ಲಿತು. ಎರಡನೇ ದಿನ ಬಟ್ಟೆ ತೆಗೆದೆ. ಯಾರೂ ಸಾಯಲಿಲ್ಲ, ಉಂಡೆ ಚೆನ್ನಾಗಿ ಬಂತು.

ಅತ್ತೆಗೆ ಹೇಳಿದೆ. ಹೇಳಬೇಡ ಎಂದು ನೀನು ಬರೆದದ್ದನ್ನೂ ಹೇಳಿದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಎಡಗೈಲಿ ಈಟಿ ಹಿಡಿಯೋದು ಅಭ್ಯಾಸ ಮಾಡ್ಕೊ ಅಂತ ಬರಿ. ಪೊರಕೆ ಕಡ್ಡಿಲಿ ಮಾಡ್ಲಿ ಮೊದ್ಲು" ಎಂದರು.

ವೆಲಿಲೆ ಹೇಳಿದ್ದು, "ಅವನು ಬರದಿದ್ರೆ ನಾನೇ ಹೋಗಿ ಹೆಗಲ ಮೇಲೆ ಹಾಕ್ಕೊಂಡು ಬರ್ತೀನಿ. ಒಂದ್ಸಲ ಹೊತ್ತಿದೀನಿ, ಭಾರ ಎಷ್ಟು ಅಂತ ಗೊತ್ತು."

ಟಿಕೆಟ್‌ನ ದುಡ್ಡು ಹಿಂದಕ್ಕೆ ಕೊಡುವುದಿಲ್ಲವಂತೆ. ನಾನು ಕೇಳಲಿಲ್ಲ, ಆದರೂ ಕೊಡುವುದಿಲ್ಲ. ಮತ್ತೆ ಇಟ್ಟಿದ್ದೇನೆ. ಕೋಟಿನ ತೋಳಿಗೆ ಪಿನ್ ಹಾಕಬೇಡ. ಚೆನ್ನಾಗಿ ಮಡಚಿ ಮೇಲಕ್ಕೆ ಹೊಲಿ. ನೋಡುವವರು ನೋಡಲಿ.

ನೀನು ಬರದಿದ್ದರೆ ಹದಿನೈದನೇ ತಾರೀಕು ನಾನೇ ದೊಡ್ಡಿಯೊಳಗೆ ಹೋಗಿ ನಿಲ್ಲುತ್ತೇನೆ. ಅತ್ತೆ ಪಕ್ಕದಲ್ಲಿ ನಿಲ್ಲುತ್ತಾರೆ. ನಾಲ್ಕು ಹೆಸರು ಕಲಿತಿದ್ದೇನೆ, ಒಂದನ್ನೂ ನುಂಗದೆ. ಆಮೇಲೆ ನಮ್ಮನ್ನು ಎತ್ತಿ ಹೊರಗೆ ಹಾಕಲು ತ್ವಾಲಾನಿಗೆ ಎಷ್ಟು ಕೈ ಬೇಕಾಗುತ್ತದೋ ನೋಡೋಣ.

ನೊಜಿಬೆಲೆ

*

ಕಾರ್ಲ್ಟನ್‌ವಿಲ್
6 ಡಿಸೆಂಬರ್ 1984

ತಂಗಿ,

ಯಜಮಾನ ಎರಡು ವಾರ ಬಿಟ್ಟಿದ್ದಾನೆ. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ನೋಡು.

ಎಡಗೈ ಪೊರಕೆ ಕಡ್ಡಿಗೆ ಒಗ್ಗಿದೆ.

ಜೊಂಗಿ

*

ಲೊಂಬೇನಿ
13 ಜನವರಿ 1985

ಅಣ್ಣಾ,

ಡಿಪೋದ ಲೆಕ್ಕ ಚುಕ್ತಾ ಮಾಡಿಸಿಕೊಂಡು ಬರುತ್ತೇನೆಂದು ನೀನು ಹೋಗಿ ಎರಡು ವಾರವಾಯಿತು. ಪೂಜೆಯ ದಿನ ನೀನು ದೊಡ್ಡಿಯ ಒಳಗೆ, ನಾವು ಹೆಂಗಸರು ಹೊರಗೆ ಸೌದೆ ರಾಶಿಯ ಹತ್ತಿರ. ಒಳಗಿನದು ನಿನಗೆ ಗೊತ್ತು. ಹೊರಗಿನದನ್ನು ಹೇಳಲು ನೀನಿದ್ದಷ್ಟು ದಿನ ಜನ ಬಿಡಲಿಲ್ಲ.

ತ್ವಾಲಾ "ಈಟಿ ಹಿಡಿಯೋ ಕೈ ಎಲ್ಲಪ್ಪಾ?" ಎಂದಾಗ ಅತ್ತೆ ಒಂದು ಸೌದೆ ತುಂಡು ಎತ್ತಿಕೊಂಡರು. ನಾನು ಅದನ್ನು ಕಿತ್ತುಕೊಂಡು ನಾನೇ ಹಿಡಿದುಕೊಂಡೆ. ಅಷ್ಟರಲ್ಲಿ ನಿನ್ನ ದನಿ ಕೇಳಿಸಿತು. "ಚಿನ್ನದ ಗಣೀಲಿ ಇಟ್ಟು ಬಂದಿದೀನಿ, ಮುಖಂಡರೇ. ಅಲ್ಲಿಂದ ಚಿನ್ನ ತಂದವ್ರು ಇದಾರೆ, ಬಿಟ್ಟು ಬಂದವ್ರು ಎಷ್ಟು ಜನ ಇದಾರೆ ಕೇಳಿ." ಒಳಗೆ ಮುದುಕರೊಬ್ಬರು ತಮ್ಮ ಕುಂಟು ಕಾಲನ್ನು ನೆಲಕ್ಕೆ ಕುಟ್ಟಿದ್ದು ಕೇಳಿಸಿತು. ಆಮೇಲೆ ಇನ್ನೊಬ್ಬರು ಕೆಮ್ಮಿದರು. ಅದು ಗಣಿಯ ದೂಳಿನ ಕೆಮ್ಮು, ನನಗೆ ಗೊತ್ತು.

ಈಟಿ ತಾಗುವ ಮೊದಲೇ ಆಡು ಕೂಗಿತು. ಹೊರಗೆ ನಮಗೆಲ್ಲ ಎಷ್ಟು ಗಂಟಲು ಇತ್ತೆಂದು ಅವತ್ತು ಗೊತ್ತಾಯಿತು.

ನಿನಗೆ ಗೊತ್ತಿಲ್ಲದ್ದು ಒಂದು. ಮೊನ್ನೆ ಗುರುವಾರ ತ್ವಾಲಾ ನನ್ನನ್ನು ಕರೆಸಿ ದಾಖಲೆ ಪುಸ್ತಕ ತೆರೆದ. ಹಿತ್ತಲನ್ನು ತಂಗಿಯ ಹೆಸರಿಗೆ ಬರೆಯಿರಿ ಎಂದು ನೀನು ಹೊರಡುವ ಮುಂಚೆ ಹೇಳಿ ಹೋಗಿದ್ದೀಯಂತೆ. ನನಗೆ ಒಂದು ಮಾತೂ ಹೇಳಲಿಲ್ಲ. ಮುಚ್ಚಿಡುವ ಚಟ ನಿನಗೆ ಇನ್ನೂ ಹೋಗಿಲ್ಲ.

ತ್ವಾಲಾ ನಕ್ಕ. "ಈ ಪುಸ್ತಕದಲ್ಲಿ ಹೆಂಗಸರಿಗೆ ಸಾಲಿಲ್ಲ, ಮಾಜ್ವಾರಾ."

"ಸಾಲು ಎಳೆಯೋಕೆ ಸ್ಕೇಲ್ ತಂದ್ಕೊಡ್ಲಾ?"

ಎಳೆಯಲಿಲ್ಲ. ನಿನ್ನ ಹೆಸರು ಬರೆದ. ನಾನು ಕೂತಲ್ಲೇ ಅಕ್ಷರ ಅಕ್ಷರ ಓದಿಸಿ, ಅಪ್ಪನ ಹೆಸರನ್ನೂ ಸೇರಿಸಿ, ಅವನ ಮುದ್ರೆ ಒತ್ತಿಸಿಕೊಂಡು ಬಂದೆ. ಮುಂದಿನ ವರ್ಷ ಮತ್ತೆ ಹೋಗಿ ಆ ಸಾಲು ಕೇಳುತ್ತೇನೆ. ಅದರ ಮುಂದಿನ ವರ್ಷವೂ.

ತಡಮಾಡಬೇಡ. ಕಳೆದ ಭಾನುವಾರ ಭೇಲೆ ಕುಲದ ಇಬ್ಬರು ಮುದುಕರು, ಕೋಟು ಹಾಕಿಕೊಂಡು, ನಮ್ಮ ಗೇಟಿನ ಹೊರಗೆ ಬಂದು ನಿಂತಿದ್ದರು. ಯಾರಿಗೆ ಯಾರನ್ನು ಕೇಳಲು ಬಂದಿದ್ದರೆಂದು ನಿನಗೆ ತಿಳಿಯುತ್ತದೆ. ಅತ್ತೆ ಕೂರಿಸಿ ಟೀ ಕೊಟ್ಟು, "ಮನೆ ಯಜಮಾನ ಊರಲ್ಲಿಲ್ಲ, ಫೆಬ್ರವರಿಲಿ ಬನ್ನಿ" ಎಂದು ಕಳಿಸಿದರು. ವೆಲಿಲೆ ಅವತ್ತಿನಿಂದ ನನ್ನ ಮುಖ ನೋಡದೆ ನೀರು ಹೊರುತ್ತಿದ್ದಾನೆ. ಉತ್ತರ ಹೇಳಬೇಕಾದವನು ನೀನು. ಏನು ಹೇಳಬೇಕೆಂದು ಬಂದ ಮೇಲೆ ನಾನು ಹೇಳಿಕೊಡುತ್ತೇನೆ.

ಈಗ ಯಾರಿಗೆ ಏನು ಸಿಕ್ಕಿತು ಎಂದು ಬರೆದು ಮುಗಿಸುತ್ತೇನೆ.

ಉಮ್ಟಾಟಾದ ದೊಡ್ಡ ಮನುಷ್ಯನಿಗೆ, ಬೇರೆ ಊರಿನಲ್ಲಿ ಬೇರೆ ಹಿತ್ತಲು. ತ್ವಾಲಾನಿಗೆ, ಎಲ್ಲ ಸೇರಿ ಐದು ಬಾಟಲಿ ಬ್ರಾಂಡಿ. ಅತ್ತೆಗೆ, ಆಡಿನ ಚರ್ಮ ಮತ್ತು ವರ್ಷವಿಡೀ ಹೇಳಲು ಒಂದು ಕಥೆ. ವೆಲಿಲೆಗೆ, ಒಂದು ಊರು; ಮಿಕ್ಕದ್ದು ಫೆಬ್ರವರಿಗೆ. ಅಪ್ಪನಿಗೆ, ಯಾರೂ ಗೆರೆ ಎಳೆಯದ ಆರಡಿ ಜಾಗ. ನಿನಗೆ, ಮನೆ, ದೊಡ್ಡಿ, ಪುಸ್ತಕದಲ್ಲಿ ಹೆಸರು.

ನನಗೆ, ಪುಸ್ತಕದಲ್ಲಿ ಏನೂ ಇಲ್ಲ. ಮನೆಯ ಬೀಗದ ಕೈ ನನ್ನ ಹತ್ತಿರ ಇದೆ.

ನೊಜಿಬೆಲೆ